ಟವೆಲ್ಲಿನ ಕೆಳಗಿನ ಕಾಕಾ

ನಮ್ಮ ಕಾಕಾನಿಗೆ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ ಅವರು ಖಂಡಿತ ಹೇಳುತ್ತಾರೆ. ಮುಚ್ಚುಮರೆ ಮಾಡುವ ಮನುಷ್ಯರಲ್ಲ! ಆದರೆ ಕೇಳಿದವರು ಮೊದಲು ಬಲಗೈ ಚಾಚಬೇಕು. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈಯ ಮೇಲೂ ಹೊದಿಸುತ್ತಾರೆ. ಆಮೇಲೆ ಒಳಗೊಳಗೇ ನಿಮ್ಮ ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದು ಲೆಕ್ಕ ಒಪ್ಪಿಸುತ್ತಾರೆ. ಬಾಯಿಂದ ಮಾತ್ರ ಒಂದೇ ಒಂದು ಅಂಕಿ ಹೊರಬೀಳುವುದಿಲ್ಲ. ಜನಗಣತಿಗೆ ಬಂದಿದ್ದ ಮೇಷ್ಟರೊಬ್ಬರು ಟವೆಲ್ ಕಂಡು ಗಾಬರಿಯಾಗಿ, ತಮಗೆ ತೋಚಿದ ವಯಸ್ಸು ಬರೆದುಕೊಂಡು ಹೋದರು. ಸರ್ಕಾರದ ಲೆಕ್ಕದಲ್ಲಿ ನಮ್ಮ ಕಾಕಾ ಈಗ ನನಗಿಂತ ಚಿಕ್ಕವರಾಗಿದ್ದರೂ ಆಶ್ಚರ್ಯವಿಲ್ಲ!

ಗೊತ್ತಿಲ್ಲದವರಿಗೆ ವಿಷಯ ಹೇಳಿಬಿಡುತ್ತೇನೆ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಕಸುಬು ಎತ್ತಿನ ದಲ್ಲಾಳಿ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಎಲ್ಲಿ ದನದ ಸಂತೆ ಕೂಡಿದರೂ ಅಲ್ಲಿ ಅವರ ಟವೆಲ್ ಹಾಜರು. ನಮ್ಮ ಕಡೆಯ ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವವನು ಒಂದೋ ಹೊಸಬ, ಇಲ್ಲವೇ ಹುಚ್ಚ. ಕೊಳ್ಳುವವನ ಕೈಯೂ ಮಾರುವವನ ಕೈಯೂ ಟವೆಲ್ಲಿನ ಕೆಳಗೆ ಕೂಡಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಸೇರಿಸಿ ಹಿಡಿದರೆ ಐದು. ಅದು ನೂರೋ ಸಾವಿರವೋ ಎಂಬುದನ್ನು ಎತ್ತಿನ ಮುಖ ನೋಡಿ ತಿಳಿದುಕೊಳ್ಳಬೇಕು. ಯಾವ ಬೆರಳನ್ನೂ ಹಿಡಿಯದೆ ಬರಿ ಅಂಗೈಯ ಮೇಲೆ ಅಂಗೈ ಇಟ್ಟರೆ ಸೊನ್ನೆ, ಅಂದರೆ ಪುಕ್ಕಟೆ. ನನಗೆ ಈ ವಿದ್ಯೆ ಕಲಿಸುವಾಗಲೇ ಕಾಕಾ ಹೇಳಿದ್ದರು: "ಅದೊಂದು ಮರತಬಿಡಲೇ ತಮ್ಮಾ. ಪುಕ್ಕಟ ಕೊಡಾವ ಸಂತಿಗೆ ಯಾಕ ಬರ್ತಾನ? ಮನ್ಯಾಗ ಕುಂತು ಕೊಡ್ತಾನ!"

ನಾನೂ ವ್ಯಾಪಾರಸ್ಥನೇ. ಮಸ್ಕಿಯಿಂದ ಬರಿಗೈಯಲ್ಲಿ ಲಿಂಗಸುಗೂರಿಗೆ ಬಂದು, ಕೆಟ್ಟ ಪಂಪ್‌ಸೆಟ್ಟು ಕೊಂಡು, ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ ಮಾರುತ್ತ ಮಾರುತ್ತ ಬಸ್ ನಿಲ್ದಾಣದ ಎದುರು ಸ್ವಂತ ಅಂಗಡಿ ಮಾಡಿದವನು. ಯಾರ ಆಸರೆಯೂ ಇಲ್ಲದೆ ಬೆಳೆದೆ ಎಂದು ಹೇಳಿಕೊಳ್ಳುವ ಚಟ ನನಗಿದೆ. ಆದರೆ ಚೌಕಾಶಿಯ ಓನಾಮ ಕಲಿತದ್ದು ಮಾತ್ರ ಕಾಕಾನ ಟವೆಲ್ಲಿನ ಕೆಳಗೇ.

ತೊಂದರೆ ಏನೆಂದರೆ, ಸಂತೆ ಮುಗಿದ ಮೇಲೂ ಕಾಕಾನ ಟವೆಲ್ ಹೆಗಲಿಗೆ ಮರಳುತ್ತಿರಲಿಲ್ಲ.

ಒಮ್ಮೆ ಕಾಕಾ, ನಾನು ಲಿಂಗಸುಗೂರಿನಿಂದ ಸಿಂಧನೂರಿನ ಬಸ್ಸು ಹತ್ತಿದೆವು. ಕಂಡಕ್ಟರ್ ಹೊಸಬ, ಮೈಸೂರಿನ ಕಡೆಯವನು. "ಎಷ್ಟು ಟಿಕೆಟ್ ಯಜಮಾನ್ರೇ?" ಎಂದ. ಕಾಕಾ ಥಟ್ಟನೆ ಟವೆಲ್ ಬೀಸಿ ಅವನ ಎರಡು ಬೆರಳು ಹಿಡಿದರು. ಜೇಬಿಗೇ ಕೈ ಬಿತ್ತೆಂದು ತಿಳಿದ ಕಂಡಕ್ಟರ್ ಸೀಟಿ ಊದಿದ. ಬಸ್ಸು ಗಕ್ಕನೆ ನಿಂತಿತು. ಹಿಂದಿನ ಸೀಟಿನಿಂದ ಯಾರೋ, "ಏ ಬಿಡಪೋ, ಯಜಮಾನ್ರು ಟಿಕೀಟು ಕೇಳಾಕತ್ತಾರ!" ಎಂದರು.

"ಬಾಯಲ್ಲಿ ಹೇಳೋಕೇನು ಕಷ್ಟ?" ಎಂದ ಕಂಡಕ್ಟರ್.

"ಬಾಯಿಲೆ ಹೇಳಿದ್ರ ಬಸ್ಸಿನಾಗಿನ ಮಂದಿಗೆಲ್ಲಾ ತಿಳೀತೈತಲ್ಲಪ್ಪ."

"ನೀವು ಇಬ್ರು ಅಂತ ಎಲ್ರಿಗೂ ಕಾಣಿಸ್ತಾನೇ ಇದೆಯಲ್ಲ!"

"ಕಾಣೋದು ಬ್ಯಾರೆ, ಹೇಳೋದು ಬ್ಯಾರೆ," ಎಂದು ಕಾಕಾ ಟವೆಲ್ ಕೊಡವಿದರು. ಈ ಮಾತಿಗೆ ಉತ್ತರ ಕೊಡುವ ಶಕ್ತಿ ಯಾವ ಸಾರಿಗೆ ಸಂಸ್ಥೆಗೆ ಇದೆ? ಅವನು ಸುಮ್ಮನೆ ಟಿಕೆಟ್ ಹರಿದುಕೊಟ್ಟ.

ಇದಾದರೂ ಬಸ್ಸಿನ ಮಾತು. ನನ್ನ ಮದುವೆಯ ಮಾತುಕತೆಗೂ ಕಾಕಾನನ್ನೇ ಕರೆದುಕೊಂಡು ಹೋದೆವಲ್ಲ, ಅದಕ್ಕೇನು ಹೇಳೋಣ! ಹೆಣ್ಣಿನವರು ಪಾಮನಕಲ್ಲೂರಿನವರು. ಮಾತೆಲ್ಲ ಮುಗಿದು, ನನ್ನ ಭಾವೀ ಮಾವ ಕೈಮುಗಿದು ಕೇಳಿದರು: "ಬೀಗರ ಕಡಿಂದ ಎಷ್ಟು ಮಂದಿ ಬರ್ತೀರಿ?" ಕಾಕಾ ಅವರ ಕೈ ಮೇಲೆ ಟವೆಲ್ ಹಾಕಿ ಐದೂ ಬೆರಳು ಹಿಡಿದರು. ಮಾವ ಹೊಲಮನೆಯವರೇ, ಆದರೆ ಸಂತೆಯವರಲ್ಲ. ಬೀಗರು ಪ್ರೀತಿಯಿಂದ ಕೈ ಅದುಮುತ್ತಿದ್ದಾರೆಂದು ತಿಳಿದು ಅವರೂ ಅದುಮಿದರು. ಆಮೇಲೆ ಯಾರೋ ಬಲ್ಲವರು ಅದರ ಅರ್ಥ ಐದು ಎಂದು ವಿವರಿಸಿದರು. ಎಂಥ ಐದು? ನಾವು ಹೋದದ್ದು ಐವತ್ತು ಜನ, ಅಡುಗೆಯಾದದ್ದು ಐನೂರಕ್ಕೆ. ಉಳಿದ ಬುಂದಿಯನ್ನು ಪಾಮನಕಲ್ಲೂರಿನ ಮನೆಮನೆಗೂ ಹಂಚಿ, ಇನ್ನೂ ಮಿಕ್ಕದ್ದನ್ನು ಬಸ್ಸಿನ ಮೇಲೆ ಹಾಕಿ ನನ್ನ ಜೊತೆಗೇ ಕಳಿಸಿದರು. ಇವತ್ತಿಗೂ ಕಾಕಾ ಎದುರಿಗೆ ಬಂದರೆ ನಮ್ಮ ಮಾವ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡೇ ನಮಸ್ಕಾರ ಹೇಳುತ್ತಾರೆ.

ಎಸ್.ಟಿ.ಡಿ. ಬೂತುಗಳು ಬಂದ ಕಾಲಕ್ಕೆ ಇನ್ನೊಂದು ಪೇಚು. ಸಿಂಧನೂರಿನ ಬೂತಿನಲ್ಲಿ ಕೂರುತ್ತಿದ್ದುದು ಒಬ್ಬ ಹೆಣ್ಣುಮಗಳು. ಪರಸ್ತ್ರೀಯ ಕೈ ಹಿಡಿಯುವುದು ಹೇಗೆ? ನಂಬರು ಬಾಯಿಂದ ಹೇಳುವುದು ಹೇಗೆ? ಕಾಕಾ ಉಪಾಯ ಹುಡುಕಿದರು. ಕಾಕಿಯನ್ನು ಜೊತೆಗೆ ಕರೆದೊಯ್ದು ನಡುವೆ ನಿಲ್ಲಿಸಿದರು. ಕಾಕಾ ಟವೆಲ್ಲಿನ ಕೆಳಗೆ ಕಾಕಿಯ ಬೆರಳು ಹಿಡಿಯುವುದು. ಕಾಕಿ ಸೆರಗಿನ ಕೆಳಗೆ ಆ ಹೆಣ್ಣುಮಗಳ ಬೆರಳು ಹಿಡಿಯುವುದು. ಆಕೆ ಒಂದೊಂದಾಗಿ ಗುಂಡಿ ಒತ್ತುವುದು! ದಾರಿಯಲ್ಲಿ ಎಲ್ಲೋ ಒಂದು ಬೆರಳು ಸೋರಿ, ರಾಯಚೂರಿನ ಒಂದು ಐಸ್ ಫ್ಯಾಕ್ಟರಿಗೆ ಫೋನು ಹೋಯಿತು. ಫ್ಯಾಕ್ಟರಿಯವನು "ಎಷ್ಟು ಬೇಕು?" ಎಂದು ಕೇಳಿದನಂತೆ. ಎಷ್ಟು ಎಂದು ಕಾಕಾ ಫೋನಿನಲ್ಲಿ ಹೇಳುತ್ತಾರೆಯೇ? ಟವೆಲ್ ಹೊದಿಸಿ ರಿಸೀವರ್ ಕೆಳಗಿಟ್ಟರು.

"ನಿನ್ನ ಬೆರಳು ಮಬ್ಬು ಬಿದ್ದಾವ," ಎಂದು ಕಾಕಿಯನ್ನೇ ಬೈದರು.

"ಹೌದೌದು, ಜೋಳದ ರೊಟ್ಟಿ ಬಡಿಯೋವಾಗ ಮಬ್ಬು ಬೀಳಂಗಿಲ್ಲ, ನಿಮ್ಮ ನಂಬರ್ ಹಿಡಿಯೋವಾಗ ಬೀಳ್ತಾವ!" ಎಂದರು ಕಾಕಿ. ಕಾಕಿಗೆ ಓದು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ನಾನು ಇದನ್ನೆಲ್ಲ ಬರೆಯುತ್ತಿರುವುದು.

ಕಾಲುವೆ ನೀರಿನ ಸೀಮೆಯಲ್ಲಿ ಟ್ರ್ಯಾಕ್ಟರುಗಳು ತುಂಬಿದ ಮೇಲೆ ಎತ್ತಿನ ವ್ಯಾಪಾರ ತಣ್ಣಗಾಯಿತು. ಕಾಕಾನಿಗೆ ಅದರಿಂದ ಊಟಕ್ಕೇನೂ ಕಡಿಮೆಯಾಗಲಿಲ್ಲ, ಮನೆ ಗಟ್ಟಿಯಾಗಿಯೇ ಇತ್ತು. ಆದರೆ ಕೊಟ್ಟಿಗೆ ಖಾಲಿಯಾಗುತ್ತ ಬಂದು ಕೊನೆಗೆ ಒಂದೇ ಜೋಡಿ ಉಳಿಯಿತು. ಬಿಳಿಯ ಜೋಡಿ, ಕಾಕಾ ತಾವೇ ಕರುವಿನಿಂದ ಸಾಕಿದ್ದು. ಕಸಾಯಿಖಾನೆಯ ಲಾರಿಯವರು ಬಂದು ಹೋಗಿ ಮಾಡಿದರು. ಕಾಕಾ ಅವರಿಗೆ ಟವೆಲ್ಲನ್ನೇ ಬಿಚ್ಚಲಿಲ್ಲ. ಒಂದು ದಿನ ವಳಕಮದಿನ್ನಿಯ ರೈತನೊಬ್ಬ ಬಂದ. ಕೊಟ್ಟಿಗೆಯಲ್ಲೇ ಟವೆಲ್ ಬಿತ್ತು, ಬೆರಳಾಟ ನಡೆಯಿತು, ಜೋಡಿ ಹೋಯಿತು.

"ಎಷ್ಟಕ್ಕ ಹೋತು ಕಾಕಾ?" ಎಂದು ನಾನು ಕೇಳಿದೆ. ದರ ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

"ಈ ಮೂರು ಊರಾಗ ಯಾರಿಗೂ ಸಿಗದ ದರಕ್ಕ!" ಎಂದು ಕಾಕಾ ಮೀಸೆ ತಿರುವಿದರು. ಅಂಕಿ ಮಾತ್ರ ಟವೆಲ್ಲಿನ ಕೆಳಗೂ ಕೊಡಲಿಲ್ಲ. ಕಾಕಿ ಆ ದುಡ್ಡಿನಲ್ಲಿ ಬಂಗಾರದ ಪಾಟಲಿ ಮಾಡಿಸಿ ಎಂದರೆ "ಬ್ಯಾಂಕಿನಾಗ ಐತಿ, ಬೆಳೀಲಿ" ಎಂದರು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಟವೆಲ್ಲಿನ ಅಂಚಿಗೆ ಬೆಲ್ಲ ಕಟ್ಟಿಕೊಂಡು ವಳಕಮದಿನ್ನಿಗೆ ಹೋಗುವ ಹೊಸ ಚಾಳಿ ಶುರುವಾಯಿತು. "ಯಾಕ?" ಎಂದರೆ, "ಬೀಗರು ಅದಾರ." ನನಗೆ ತಿಳಿದಂತೆ ವಳಕಮದಿನ್ನಿಯಲ್ಲಿ ನಮಗೆ ಬೀಗರಿರಲಿ, ನೀರು ಕೊಡುವವರೂ ಇಲ್ಲ!

ಇಂಥವರ ಮಗಳು ಗಿರಿಜಾ. ರಾಯಚೂರಿನಲ್ಲಿದ್ದು ಕಂಪ್ಯೂಟರ್ ಕಲಿತು ಬಂದು, ಸಿಂಧನೂರಿನಲ್ಲೇ ಒಂದು ಕೋಣೆ ಬಾಡಿಗೆ ಹಿಡಿದು ಕ್ಲಾಸು ತೆರೆದಳು. ಹಳೆಯ ಕಂಪ್ಯೂಟರುಗಳನ್ನು ಕೊಡಿಸಿದ್ದು ನಾನು. ಇಲ್ಲೊಂದು ಬುದ್ಧಿಮಾತು, ಪುಕ್ಕಟೆ: ಹಳೆಯ ಯಂತ್ರ ಕೊಳ್ಳಲು ಹೋದಾಗ ಯಂತ್ರದ ಕಡೆ ನೋಡಲೇಬೇಡಿ. ಅಲ್ಲಿರುವ ಮುರುಕು ಕುರ್ಚಿಯ ಬೆಲೆ ಕೇಳಿ. ಕುರ್ಚಿಗಾಗಿ ಅರ್ಧ ತಾಸು ಜಗಳವಾಡಿ, ಸೋತವರಂತೆ ಎದ್ದು ಬಾಗಿಲವರೆಗೆ ಹೋಗಿ, ಹೊಸ್ತಿಲ ಮೇಲೆ ನಿಂತು, "ಅಂದಹಾಗೆ ಆ ಡಬ್ಬಿ ಎಷ್ಟಕ್ಕೆ?" ಅನ್ನಿ. ಗಿರಿಜಾಳ ಕ್ಲಾಸಿನಲ್ಲಿ ಕುರ್ಚಿಗಳೂ ಧಾರಾಳವಾಗಿ ಇರುವುದು ಇದೇ ಕಾರಣಕ್ಕೆ. ಎರಡು ಕಡೆ ಕುರ್ಚಿಗೂ ಒಪ್ಪಿಬಿಟ್ಟರು!

ಭಾನುವಾರಗಳಂದು ಆ ಕೋಣೆಯಲ್ಲಿ ಒಂದು ಬಳಗ ಕೂಡುತ್ತಿತ್ತು. ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಅವರು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಪ್ರೋಗ್ರಾಮು ಹಾಕಿಕೊಂಡಿದ್ದರು. ಅದರ ಹೂರಣವೆಲ್ಲ ತೆರೆದೇ ಇರುತ್ತದಂತೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪಕ್ಕದವರಿಗೂ ಕೊಡಬಹುದು. ಅದಕ್ಕೆ ದುಡ್ಡು ಕೊಡಬೇಕಿಲ್ಲವೆಂದಾಗ ವ್ಯಾಪಾರಸ್ಥನಾದ ನನಗೆ ಮೊದಲು ಬಂದದ್ದು ಅನುಮಾನ. ಲಿಂಗಸುಗೂರಿನಿಂದ ಒಬ್ಬ ಗಣಿತದ ಮೇಷ್ಟರು, ಮಸ್ಕಿಯಿಂದ ಒಬ್ಬ ಬಟ್ಟೆ ಅಂಗಡಿಯವ, ಸಿಂಧನೂರಿನ ಸುತ್ತಲಿನ ಇನ್ನಷ್ಟು ಉತ್ಸಾಹಿಗಳು ಬಸ್ಸು ಹಿಡಿದು ಬರುತ್ತಿದ್ದರು. ನಾನೂ ಹೋಗುತ್ತಿದ್ದೆ. ಗಿರಿಜಾಳ ಚಹಾ ಚೆನ್ನಾಗಿರುತ್ತಿತ್ತು.

ಹೀಗಿರುವಾಗ ಕೋಣೆಯ ಮಾಲಕ ಗೊಬ್ಬರದ ದಾಸ್ತಾನಿಗೆ ಜಾಗ ಬೇಕೆಂದು ತಿಂಗಳ ಕೊನೆಗೆ ಖಾಲಿ ಮಾಡಲು ಹೇಳಿದ. ಗಿರಿಜಾ ಊರೆಲ್ಲ ಸುತ್ತಿದಳು. ಎಲ್ಲಿಯೂ ಜಾಗ ಹೊಂದಲಿಲ್ಲ. ಖಾಲಿ ಇದ್ದದ್ದು ಒಂದೇ, ಸಿಂಧನೂರಿನಲ್ಲೇ ಇದ್ದ ಕಾಕಾನ ಮನೆಯ ಕೊಟ್ಟಿಗೆ. ಗಟ್ಟಿ ನೆಲ, ಎತ್ತರದ ಮಾಡು, ಗೋಡೆಯುದ್ದಕ್ಕೂ ಮೇವು ಹಾಕುವ ಗೋದಲಿ. ಕಾಕಾ ಅದನ್ನು ದಿನಾ ಬೆಳಿಗ್ಗೆ ತಾವೇ ಗುಡಿಸುತ್ತಿದ್ದರು. ಒಳಗೆ ಒಂದು ಕುರ್ಚಿ ಇಡಲೂ ಯಾರಿಗೂ ಬಿಡುತ್ತಿರಲಿಲ್ಲ.

ಗಿರಿಜಾ ನನ್ನ ಅಂಗಡಿಗೆ ಬಂದಳು. "ಅಣ್ಣಾ, ನಾ ಕೇಳಿದ್ರ ಅಪ್ಪ ಮಾತಾಡದ ಎದ್ದು ಹೊರಗ ಹೋಗ್ತಾನ. ಸೌದಾ ಮಾಡಾವ ನೀ. ಹೆಂಗರ ಮಾಡಿ ಕೊಟ್ಟಿಗಿ ಕೊಡಿಸು. ಇಲ್ಲಂದ್ರ ಕ್ಲಾಸು ಮುಚ್ಚಬೇಕು."

"ಮುಚ್ಚಿದ್ರ ಏನಾತವ್ವ, ಬ್ಯಾರೆ ಏನರ..."

"ಬ್ಯಾರೆ ಏನಿಲ್ಲ ಅಣ್ಣಾ. ನನಗ ಜೀವ ಇರೋದು ಇದರಾಗ."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸಿಬಿಡಬಹುದಿತ್ತು.

ನಾನು ಕಾಕಾನ ಬಳಿ ಹೋದೆ. ನನ್ನ ಪದ್ಧತಿಯಂತೆ ಮೊದಲು ಕೊಟ್ಟಿಗೆಯ ವಿಷಯ ಎತ್ತದೆ ಅಂಗಳದಲ್ಲಿ ನೀರು ತುಂಬುವ ಕಲ್ಲುಬಾನಿಯ ಬೆಲೆ ಕೇಳಿದೆ.

"ಕಲ್ಲಬಾನಿ ಬಿಡಲೇ," ಎಂದರು ಕಾಕಾ. "ಕೊಟ್ಟಿಗಿ ಕೇಳಾಕ ಬಂದೀ. ಆ ಆಟ ನಿನಗ ಕಲಿಸಿದಾವ ಯಾವ?"

"ಖಾಲಿ ಅದಲ್ಲ ಕಾಕಾ..."

"ಎತ್ತು ಬರ್ತಾವ."

"ಎಲ್ಲಿಂದ ಬರ್ತಾವ? ಊರ ತುಂಬಾ ಟ್ರ್ಯಾಕ್ಟರ್ ಅದಾವ."

"ಟ್ರ್ಯಾಕ್ಟರ್ ಕೆಡತಾವ. ಎತ್ತು ಬರ್ತಾವ."

"ಕಿರಾಯಿ ಬರತೈತಿ."

"ನನ್ನ ಮಗಳ ಕೈಯಿಂದ ಕಿರಾಯಿ ತಗೋಬೇಕೇನಲೇ? ಪುಕ್ಕಟ ಕೊಡಬೇಕೇನು? ಎರಡೂ ಆಗದ ಮಾತು. ಚಹಾ ಕುಡದು ಎದ್ದೇಳು."

ನಾನು ಚಹಾ ಕುಡಿದು ಎದ್ದೆ. ಹೊಸ್ತಿಲ ಮೇಲೆ ನಿಂತೆ. "ಅಂದಹಾಗ ಕಾಕಾ, ಈ ಭಾನುವಾರ ಒಂದಿನ ಮೀಟಿಂಗ್ ಐತಿ. ಮಂದಿ ಹೆಚ್ಚು ಬರ್ತಾರ. ಒಂದ ಮಧ್ಯಾಹ್ನಕ್ಕ ಕೊಡು. ಗೂಟಾ ಅಲ್ಲಾಡಿಸಂಗಿಲ್ಲ." ಯಾರಿಂದಲಾದರೂ ಇಡೀ ಮನೆ ಬೇಕಾದರೆ ಮೊದಲು ಕೊಡೆ ಇಡಲು ಜಾಗ ಕೇಳಬೇಕು, ನೆನಪಿಡಿ, ಉಪಯೋಗಕ್ಕೆ ಬರುತ್ತದೆ.

ಕಾಕಾ ಟವೆಲ್ಲನ್ನು ಇನ್ನೊಂದು ಹೆಗಲಿಗೆ ಬದಲಿಸಿ ಕೇಳಿದರು: "ಏನು ಮೀಟಿಂಗು?"

"ಕಂಪ್ಯೂಟರಿನ ವೈರಿನಾಗ ಹೋಗೋ ಗುಟ್ಟು ಕಳ್ಳರ ಕೈಗೆ ಸಿಗದಂಗ ಹೆಂಗ ನೋಡಿಕೋಬೇಕು ಅಂತ."

ಕಾಕಾನ ಹುಬ್ಬು ಮೇಲೇರಿತು. "ಗುಟ್ಟಿನ ಮೀಟಿಂಗು? ಹಂಗಾದ್ರ ನಾನೂ ಕುಂದ್ರತೀನಿ."

ಭಾನುವಾರ ಬಂತು. ಕೊಟ್ಟಿಗೆಯ ನಡುವೆ ಮೇಜು, ಮೇಜಿನ ಮೇಲೆ ಮೂರು ಕಂಪ್ಯೂಟರು, ಮೂರಕ್ಕೂ ಪೋಣಿಸಿದ ಒಂದು ಕಪ್ಪು ವೈರು. ಕಾಕಾ ಗೋದಲಿಯ ಅಂಚಿನ ಮೇಲೆ ಟವೆಲ್ ಹೊದ್ದು ಕುಳಿತಿದ್ದರು, ಸಂತೆಯಲ್ಲಿ ಹೊಸ ಜೋಡಿಯ ಹಲ್ಲು ನೋಡುವ ಮುಖದಲ್ಲಿ. ಗಿರಿಜಾ ಎದ್ದು ನಿಂತು ಶುರುಮಾಡಿದಳು:

"ಮೊದಲು ಒಂದು ಕೇಳತೀನಿ. ಪಾಸ್‌ವರ್ಡ್ ಅಂದ್ರ ನಿಮ್ಮ ಕೀಲಿ. ಅದನ್ನ ಇನ್ನೊಬ್ಬರಿಗೆ ಹೇಳಿದೋರು ಕೈ ಎತ್ತರಿ."

ಎಲ್ಲರ ಕೈಗಳೂ ಮೇಲೆದ್ದವು. ಗಣಿತದ ಮೇಷ್ಟರದು ಎಲ್ಲರಿಗಿಂತ ಎತ್ತರ.

"ನೀವೂ ಏನ್ರಿ ಸರ?"

"ಹಿರಿಯರು ಕೇಳಿದ್ರವ್ವ," ಎಂದರು ಮೇಷ್ಟರು ಸಂಕೋಚದಿಂದ. "ಮನೀತನಕ ಬಂದು, ಚಹಾ ಕುಡದು, 'ಏನೋ ಪಾಸ್‌ವರ್ಡ್ ಅಂತಾರಲ್ಲ, ನಿಂದೇನಪಾ' ಅಂದ್ರು. ಮನೀಗೆ ಬಂದೋರಿಗೆ ಇಲ್ಲ ಅನ್ನಾಕ ಹೆಂಗ ಬರತೈತಿ?"

"ಖರೇ, ಖರೇ," ಎಂದು ಕೊಟ್ಟಿಗೆಯೆಲ್ಲ ತಲೆದೂಗಿತು. ಪಾಸ್‌ವರ್ಡನ್ನೂ ಚಹಾದ ಜೊತೆ ತಟ್ಟೆಯಲ್ಲಿಟ್ಟು ಕೊಡುವ ಸೀಮೆ ನಮ್ಮದು!

ಗಿರಿಜಾ ಮಸ್ಕಿಯ ಬಟ್ಟೆ ಅಂಗಡಿಯವನನ್ನು ಕರೆದು ಒಂದು ತುದಿಯ ಕಂಪ್ಯೂಟರಿನ ಮುಂದೆ ಕೂರಿಸಿದಳು. "ಇಲ್ಲಿಂದ ಆ ತುದಿ ಯಂತ್ರಕ್ಕ ನಿಮ್ಮ ಪಾಸ್‌ವರ್ಡ್ ಹಾಕಿ ಒಳಗ ಹೋಗ್ರಿ. ಯಾರಿಗೂ ತೋರಿಸಬ್ಯಾಡ್ರಿ."

ಅವನು ಎದೆಯಿಂದ ಕೀಲಿಮಣೆ ಮುಚ್ಚಿಕೊಂಡು ಒಂದೊಂದೇ ಅಕ್ಷರ ಒತ್ತಿದ. ಅವನ ಪರದೆಯ ಮೇಲೆ ಏನೂ ಕಾಣಲಿಲ್ಲ. ಆದರೆ ನಡುವಿನ ಕಂಪ್ಯೂಟರಿನ ಪರದೆಯ ಮೇಲೆ, ಅದನ್ನು ಯಾರೂ ಮುಟ್ಟಿರಲೇ ಇಲ್ಲ, ಅವನ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಮೂಡುತ್ತಾ ಬಂತು. ಮೇಷ್ಟರು ಕನ್ನಡಕ ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿಯೇಬಿಟ್ಟರು. ಅದು ಅವನ ಅಂಗಡಿಯ ಎದುರಿನ ಬಟ್ಟೆ ಅಂಗಡಿಯವನ ಹೆಸರು!

"ಅಲ್ಲಪಾ, ವೈರಿ ಹೆಸರು ಇಟ್ಟೀಯಲ್ಲ!" ಎಂದೆ ನಾನು.

"ದಿನಾ ಬೆಳಗೆದ್ದು ಅದೇ ಬೋರ್ಡ್ ನೋಡತೀನ್ರಿ. ಹೆಂಡ್ತಿ ಹುಟ್ಟಿದ ದಿನ ಮರೀತೀನಿ, ಅವನ ಹೆಸರು ಮರೆಯಂಗಿಲ್ಲ!"

ಎಲ್ಲರೂ ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಗೋದಲಿಯಿಂದ ಧಡಕ್ಕನೆ ಇಳಿದು ಬಂದರು. "ಮುಚ್ಚಲೇ ಮೊದಲು, ಮುಚ್ಚು!" ಎಂದು ಹೆಗಲ ಟವೆಲ್ ಎಳೆದು ನಡುವಿನ ಪರದೆಯ ಮೇಲೆ ಎಸೆದರು. "ನಡುವಿನಾವ ಸುಮ್ಮ ನಿಂತು ಎಲ್ಲಾ ಓದಿಬಿಟ್ಟನಲ್ಲ! ಸಂತ್ಯಾಗ ಒದರಿ ದರಾ ಹೇಳಿದಂಗಾತು!"

"ಅದ ಅಪ್ಪಾ," ಎಂದಳು ಗಿರಿಜಾ. ಅವಳ ಕಣ್ಣುಗಳು ಹೊಳೆಯುತ್ತಿದ್ದವು. "ಈ ವೈರಿನಾಗ ಎಲ್ಲಾರೂ ಒದರಿ ಮಾತಾಡ್ತಾರ. ಅದಕ್ಕ ವೈರಿಗೂ ಒಂದು ಟವೆಲ್ ಹಾಕಬೇಕು. ಅಂಥಾದೊಂದು ಪ್ರೋಗ್ರಾಮು ಐತಿ. ಅದನ್ನ ಹಾಕಿದ್ರ ನಡುವಿನಾವಗ ಟವೆಲ್ ಅಲ್ಲಾಡೋದು ಕಾಣತೈತಿ, ಬೆರಳು ಕಾಣಂಗಿಲ್ಲ."

ಕಾಕಾ ಮಗಳನ್ನೇ ಅನುಮಾನದಿಂದ ನೋಡಿದರು. "ನಿಲ್ಲು. ನಿಮ್ಮ ಬಳಗದಾಗ ಎಲ್ಲಾ ಬಿಚ್ಚಿ ತೋರಸತೀರಂತ. ಆ ಟವೆಲ್ ಪ್ರೋಗ್ರಾಮೂ ಬಿಚ್ಚಿ ತೋರಸತೀರೇನು?"

"ಹೂಂ ಮತ್ತ."

"ಕಳ್ಳಗೂ?"

"ಕಳ್ಳಗೂ."

"ಅಯ್ಯ ಹುಚ್ಚಿ! ಮತ್ತ ಗುಟ್ಟು ಹೆಂಗ ಉಳೀತೈತಿ?"

ನಿಜ ಹೇಳಬೇಕೆಂದರೆ ನನಗೂ ಇದೇ ಪ್ರಶ್ನೆ ಬಹಳ ದಿನದಿಂದ ಇತ್ತು. ಚಹಾದ ಆಸೆಗೆ ಕೇಳಿರಲಿಲ್ಲ.

"ಅಪ್ಪಾ," ಎಂದಳು ಗಿರಿಜಾ, "ಒಂದು ಬೆರಳು ಹಿಡದ್ರ ಒಂದು, ಎರಡು ಹಿಡದ್ರ ಎರಡು. ಇದು ಸಂತ್ಯಾಗ ಯಾರಿಗೆ ಗೊತ್ತಿಲ್ಲ?"

"ಎಲ್ಲಾರಿಗೂ ಗೊತ್ತೈತಿ."

"ಟವೆಲ್ ಹೆಂಗ ಹೊದಸಬೇಕು ಅನ್ನೋದು?"

"ಅದೂ ಗೊತ್ತೈತಿ."

"ಮತ್ತ ಇಷ್ಟು ವರ್ಷ ನಿನ್ನ ಗುಟ್ಟು ಹೆಂಗ ಉಳೀತು?"

ಕಾಕಾ ತಮ್ಮದೇ ಬಲಗೈಯ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. ನನ್ನ ಜೀವಮಾನದಲ್ಲಿ ಕಾಕಾ ಒಂದು ಸೌದಾದಲ್ಲಿ ಸೋತದ್ದನ್ನು ಕಂಡದ್ದು ಅದೇ ಮೊದಲು.

"ಪದ್ಧತಿ ಎಲ್ಲಾರಿಗೂ ಗೊತ್ತಿರಲಿ ಅಪ್ಪಾ. ಹರಕ ಇದ್ರ ಯಾರರ ನೋಡಿ ಹೇಳ್ತಾರ, ಹೊಲ್ಕೊಳಾಕ ಬರತೈತಿ. ಗುಟ್ಟಾಗಿ ಇರಬೇಕಾದ್ದು ಒಳಗಿನ ಬೆರಳಷ್ಟ. ಆದ್ರ ನಿನ್ನ ಟವೆಲ್ಲಿಗೂ ಒಂದು ಹರಕ ಇತ್ತು, ನಿನಗ ಯಾರೂ ಹೇಳಲಿಲ್ಲ."

"ನನ್ನ ಟವೆಲ್ಲಿಗೆ?" ಕಾಕಾ ಟವೆಲ್ಲನ್ನು ಪರದೆಯ ಮೇಲಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದರು.

"ಟವೆಲ್ ಮ್ಯಾಲಿಂದ ಮುಚ್ಚಿತ್ತು. ಕೆಳಗಿಂದ ಮುಚ್ಚಿದ್ದಿಲ್ಲ. ಸಣ್ಣಾಕಿ ಇದ್ದಾಗ ನಿನ್ನ ಮಂಡಿ ಹತ್ರ ಕುಂದ್ರತಿದ್ನಲ್ಲ, ಎಲ್ಲಾ ಕಾಣತಿತ್ತು."

ನಗೆ ಮತ್ತೆ ಎದ್ದಿತು. ಮೂರು ಊರಿನ ಚಾಣಾಕ್ಷ ದಲ್ಲಾಳಿಗಳಿಗೆ ಸಿಗದ ದರವನ್ನೆಲ್ಲ ಒಬ್ಬ ಲಂಗದ ಹುಡುಗಿ ನೆಲದ ಮೇಲೆ ಕುಳಿತು ಓದುತ್ತಿದ್ದಳು! ಕಾಕಾ ಮುಖ ಸಣ್ಣದು ಮಾಡಿಕೊಂಡು, "ಸುಳ್ಳು ಹೇಳಬ್ಯಾಡ," ಎಂದರು.

"ಸುಳ್ಳಂದ್ರ ಕೈ ಕೊಡು. ಎಲ್ಲಾರೂ ನೋಡ್ಲಿ."

ಕಾಕಾ ಕೈ ಕೊಟ್ಟರು. ಗಿರಿಜಾ ತಾನೇ ಟವೆಲ್ ಹೊದಿಸಿದಳು. ದನದ ಸಂತೆಯಲ್ಲಿ ಹೆಣ್ಣುಮಗಳೊಬ್ಬಳು ಟವೆಲ್ ಹೊದಿಸಿದ್ದನ್ನು ನಾನು ಕಂಡಿಲ್ಲ. ಅವಳು ಮಾತ್ರ ಹುಟ್ಟಾ ದಲ್ಲಾಳಿಯಂತೆ ಬೇರೆ ಕಡೆ ಮುಖ ಮಾಡಿ ನಿಂತಿದ್ದಳು. ನಾವೆಲ್ಲ ಕುತ್ತಿಗೆ ಚಾಚಿದೆವು. ಟವೆಲ್ ಒಮ್ಮೆ ಮೆಲ್ಲಗೆ ಅಲ್ಲಾಡಿತು, ಅಷ್ಟೇ.

ಕಾಕಾನ ಮುಖದ ಮೇಲಿದ್ದ ಹುಸಿಮುನಿಸು ಇಳಿದುಹೋಯಿತು. ಅವರು ಮಗಳನ್ನು ನೋಡಲಿಲ್ಲ; ಮೂಲೆಯಲ್ಲಿದ್ದ ಗೂಟವನ್ನು ನೋಡಿದರು, ಕೊನೆಯ ಜೋಡಿ ಕಟ್ಟುತ್ತಿದ್ದ ಗೂಟ.

"ಯಾವಾಗ ನೋಡಿದಿ?" ದನಿ ಕೆಳಗಿಳಿದಿತ್ತು.

"ಅವತ್ತು ಹಗ್ಗ ಬಿಚ್ಚಾಕ ಗೂಟದ ಹತ್ರ ಕುಂತಿದ್ನಲ್ಲ ಅಪ್ಪಾ."

"ನಿಮ್ಮವ್ವಗ ಹೇಳೀಯೇನು?"

"ಇಲ್ಲ."

"ಇವಗ?" ಎಂದು ಗದ್ದದಿಂದ ನನ್ನ ಕಡೆ ತೋರಿಸಿದರು.

"ಇಲ್ಲಪಾ. ಯಾರಿಗೂ ಹೇಳಿಲ್ಲ."

ಮಸ್ಕಿಯ ಬಟ್ಟೆ ಅಂಗಡಿಯವ ತಡೆಯಲಾರದೆ ಕೇಳಿದ: "ಎಷ್ಟು ಹಿಡದ್ಳ್ರಿ ಯಜಮಾನ್ರ?"

ಕಾಕಾ ಅವನನ್ನು ನೋಡಿದ ನೋಟಕ್ಕೆ ಅವನ ಪಾಸ್‌ವರ್ಡ್ ಅಂದೇ ಬದಲಾಗಿರಬೇಕು. ಆಮೇಲೆ ಅವರು ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡು, ಸಭೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಈಕಿ ಹತ್ರ ಗುಟ್ಟು ಇಡಬಹುದು ನೋಡ್ರಿ." ಬಾಗಿಲವರೆಗೆ ಹೋದವರು ಹೊಸ್ತಿಲ ಮೇಲೆ ನಿಂತರು. ವಿದ್ಯೆ ಅವರದೇ ಅಲ್ಲವೇ! "ಅಂದಹಾಗ, ಗೋದಲಿ ಕೀಳಬ್ಯಾಡ್ರಿ. ಅದರ ಮ್ಯಾಲ ಹಲಗಿ ಹಾಕಿ ಡಬ್ಬಿ ಇಡ್ರಿ. ಎತ್ತರಾ ಬರೋಬರ ಆಗತೈತಿ."

ಗಿರಿಜಾ ಮೇಜಿನ ಅಂಚು ಹಿಡಿದುಕೊಂಡು ನಿಂತಳು. ಮೇಷ್ಟರು ಯಾಕೋ ಚಪ್ಪಾಳೆ ತಟ್ಟಿದರು. ನಾವೆಲ್ಲರೂ ತಟ್ಟಿದೆವು.

ಮಂದಿ ಹೋದ ಮೇಲೆ ನಾನು ಅಂಗಳಕ್ಕೆ ಬಂದೆ. ಕಾಕಾ ಕಲ್ಲುಬಾನಿಯ ಪಕ್ಕ ಒಬ್ಬರೇ ಕುಳಿತಿದ್ದರು. ಸೌದಾ ಇನ್ನೂ ಪೂರ್ತಿಯಾಗಿಲ್ಲವಲ್ಲ, ಬಾಡಿಗೆಯ ಮಾತು ಮುಗಿಸಿಯೇ ಬಸ್ಸು ಹತ್ತೋಣವೆಂದುಕೊಂಡೆ. ಎಷ್ಟಕ್ಕೆ ಶುರುಮಾಡಿ ಎಷ್ಟಕ್ಕೆ ನಿಲ್ಲಿಸಬೇಕೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ.

"ಕಿರಾಯಿ ಎಷ್ಟು ಕಾಕಾ?"

"ಅದು ಮುಗದೈತಿ. ನನಗೂ ಆಕಿಗೂ."

"ಎಷ್ಟಕ್ಕ?"

"ಎತ್ತು ಕೊಟ್ಟ ದರಕ್ಕ."

"ಎತ್ತು ಎಷ್ಟಕ್ಕ ಕೊಟ್ಟಿದ್ದಿ? ಇಷ್ಟು ದಿನ ಹೇಳಲಿಲ್ಲ, ಇವತ್ತರ ಹೇಳು."

ಕಾಕಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಟವೆಲ್ ತೆಗೆದರು. ನಾನು ಕೈ ಚಾಚಿದೆ. ಒಳಗೆ ಅವರ ಕೈ ಬಂತು, ಹಗ್ಗ ಹಿಡಿದು ಹಿಡಿದು ದಡ್ಡುಗಟ್ಟಿದ ಕೈ. ಒಂದು ಬೆರಳು ಹಿಡಿಯುತ್ತಾರೆ, ಎರಡು ಹಿಡಿಯುತ್ತಾರೆ ಎಂದು ಕಾದೆ. ಅವರು ಯಾವ ಬೆರಳನ್ನೂ ಹಿಡಿಯಲಿಲ್ಲ. ಬರಿ ಅಂಗೈಯ ಮೇಲೆ ಅಂಗೈ ಇಟ್ಟು, ಮೆತ್ತಗೆ ಒತ್ತಿ, ಹಾಗೇ ಬಿಟ್ಟರು.

ವಳಕಮದಿನ್ನಿಯ ಬೀಗರು ಯಾರೆಂದೂ ಅಮಾವಾಸ್ಯೆಯ ಬೆಲ್ಲವನ್ನು ಯಾರು ತಿನ್ನುತ್ತಿದ್ದರೆಂದೂ ನನಗೆ ಆಗ ಗೊತ್ತಾಯಿತು.

"ಅಂವ ಅವುಗಳ ಮೈ ತೊಳೀತಾನ, ನೆಳ್ಳಾಗ ಕಟ್ಟತಾನ," ಎಂದರು ಕಾಕಾ. "ನೊಗ ಇಡಂಗಿಲ್ಲ ಅಂದಾನ. ಇಟ್ಟಿಲ್ಲ."

ಹಳೆಯ ಪಂಪಿನ ನಟ್ಟು ಬೋಲ್ಟಿಗೂ ಜಗಳವಾಡುವ ನಾನು ಟವೆಲ್ಲಿನ ಕೆಳಗೆ ಕೈ ಚಾಚಿಕೊಂಡೇ ಇದ್ದೆ. ಅಷ್ಟರಲ್ಲಿ ಕಾಕಿ ಚಹಾದ ಲೋಟ ಹಿಡಿದು ಹೊರಗೆ ಬಂದರು. "ಕೊಟ್ಟಿಗಿ ಸೌದಾ ಎಷ್ಟಕ್ಕ ಮುಗೀತೋ?"

ಕಾಕಾ ನನ್ನನ್ನು ನೋಡಿದರು. ಟವೆಲ್ ಇನ್ನೂ ನಮ್ಮಿಬ್ಬರ ಕೈಯ ಮೇಲೆಯೇ ಇತ್ತು.

"ಈ ಮೂರು ಊರಾಗ ಯಾರಿಗೂ ಸಿಗದ ದರಕ್ಕ ಕಾಕಿ," ಎಂದೆ.